ಗಾಲಿಯೊಳಗೆ ಗಾದಿ

ನನಗೊಬ್ಬಳು ಸವತಿ ಇದ್ದಾಳೆಂದು ಮದುವೆಗೆ ಮುಂಚೆ ಯಾರೂ ಹೇಳಿರಲಿಲ್ಲ. ಚಿಪ್ಪಗಿರಿಯಿಂದ ಎತ್ತಿನ ಗಾಡಿಯಲ್ಲಿ ಹೊರಟು, ಆದೋನಿಯ ಗಂಡನ ಮನೆಯ ಹೊಸ್ತಿಲ ಮೇಲಿದ್ದ ಅಕ್ಕಿಯ ಸೇರನ್ನು ಕಾಲಿನಿಂದ ಉರುಳಿಸಿ ಒಳಗೆ ಬಂದು ನೋಡಿದರೆ, ಪಡಸಾಲೆಯಲ್ಲಿ, ದೇವರ ಗೂಡಿನಿಂದ ಒಂದೇ ಮಾರು ಈಚೆಗೆ, ಆಕೆ ಗೋಡೆಗೆ ಒರಗಿ ನಿಂತಿದ್ದಳು. ಹ್ಯಾಂಡಲ್ಲಿನ ನಡುವೆ ಮೂರು ಬೆರಳಿನ ವಿಭೂತಿ. ಮೈಯೆಲ್ಲ ಎಣ್ಣೆ. ಮದುಮಗಳಿಗೆ ಚಾಪೆ ಹಾಸಬೇಕೆಂದರೆ ಮೊದಲು ಆಕೆಯನ್ನು ಸರಿಸಬೇಕಿತ್ತು. ಸರಿಸಲು ನಮ್ಮ ಮನೆಯವರೇ ಬರಬೇಕಿತ್ತು, ಬೇರೆಯವರು ಮುಟ್ಟುವಂತಿರಲಿಲ್ಲ.

ಅದೊಂದು ಸೈಕಲ್ಲು. ನಮ್ಮ ಮಾವನವರು ರೈಲ್ವೆಯ ಒಬ್ಬ ದೊರೆ ಊರು ಬಿಟ್ಟು ಹೋಗುವಾಗ ಅವನಿಂದ ಕೊಂಡದ್ದಂತೆ. ದೊರೆಗೆ ಅದು ಹಳೆಯದಾಗಿ ಬೇಸರ ಬಂದಿತ್ತು ಎಂದರೆ, ನಮಗೆ ಬರುವ ಹೊತ್ತಿಗೆ ಎಷ್ಟು ಹಳೆಯದಾಗಿರಬೇಕು ಲೆಕ್ಕ ಹಾಕಿ. ಮಾವನವರು ತೀರಿಕೊಂಡ ಮೇಲೆ ಅದು ನಮ್ಮ ಮನೆಯವರಿಗೆ ಬಂತು. ಗಂಟೆ ಎಂದೋ ಕಳಚಿ ಬಿದ್ದು ಹೋಗಿತ್ತು. ಆದರೆ ಮುನಸಿಪಾಲ್ಟಿಯವರು ವರ್ಷಕ್ಕೊಂದು ಕೊಡುವ ಲೈಸೆನ್ಸಿನ ಬಿಲ್ಲೆಗಳಿದ್ದವಲ್ಲ, ಅವುಗಳಲ್ಲಿ ಒಂದನ್ನೂ ಇವರು ಬಿಸಾಡಿರಲಿಲ್ಲ. ಮಾವನ ಕಾಲದಿಂದ ಹಿಡಿದು ಎಲ್ಲವನ್ನೂ ದಾರಕ್ಕೆ ಪೋಣಿಸಿ ಹ್ಯಾಂಡಲ್ಲಿಗೆ ಕಟ್ಟಿದ್ದರು. ಸೈಕಲ್ಲು ಓಣಿಯ ತಿರುವಿಗೆ ಬಂದರೆ ಸಾಕು, ಗೋವಿನ ಹಿಂಡು ಬಂದ ಸದ್ದಾಗುತ್ತಿತ್ತು. ಅಷ್ಟು ಹೊತ್ತಿಗೆ ನಾನು ಹಂಚು ಒಲೆಯ ಮೇಲಿಟ್ಟು ರೊಟ್ಟಿ ತಟ್ಟಲು ಕೂರುತ್ತಿದ್ದೆ.

ಸೈಕಲ್ಲೊಂದೇ ಅಲ್ಲ. ಅವರ ಕೊಡೆಯಲ್ಲಿ ಬಟ್ಟೆಗಿಂತ ತೇಪೆ ಹೆಚ್ಚಿತ್ತು. ಕ್ಷೌರದ ಕತ್ತಿ ಅವರ ಅಜ್ಜನದು. ಚಪ್ಪಲಿಯ ಅಟ್ಟೆ ಮೂರು ಸಲ ಬದಲಾಗಿತ್ತು, ಮೇಲಿನ ಪಟ್ಟಿ ನಾಲ್ಕು ಸಲ; ಹಾಗಿದ್ದೂ ಅದು ಮದುವೆಗೆ ಮುಂಚಿನ ಚಪ್ಪಲಿ ಎಂದೇ ಹೇಳುತ್ತಿದ್ದರು. ಹೊಸದು ಕೊಳ್ಳೋಣವೆಂದರೆ ಸಾಕು, ನಾನು ಯಾರದೋ ಸಾವಿನ ಸುದ್ದಿ ಹೇಳಿದೆನೇನೋ ಎಂಬಂತೆ ನನ್ನನ್ನು ನೋಡುತ್ತಿದ್ದರು. ಆದರೆ ಆ ಸೈಕಲ್ಲಿನ ಮೇಲಿದ್ದ ಮಮತೆಯೇ ಬೇರೆ. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲು ಅದರ ಮೈ ಒರೆಸಬೇಕು. ಸಿಟ್ಟು ಬಂದರೆ ಅದಕ್ಕೆ ತೆಲುಗಿನಲ್ಲಿ ಬೈಯುತ್ತಿದ್ದರು, ನನಗೆ ಕನ್ನಡದಲ್ಲಿ. ಮುದ್ದು ಬಂದರೆ ಅದಕ್ಕೆ ತೆಲುಗಿನಲ್ಲಿ ಮುದ್ದಿನ ಮಾತು. ನನ್ನ ಪಾಲಿಗೆ ಯಾವ ಭಾಷೆಯಲ್ಲೂ ಏನೂ ಉಳಿಯುತ್ತಿರಲಿಲ್ಲ.

ಅವರು ಜಿನ್ನಿನಲ್ಲಿ ಗುಮಾಸ್ತರು. ಹತ್ತಿಯಿಂದ ಬೀಜ ಬಿಡಿಸಿ ಅರಳೆ ಮಾಡುವ ಕಾರ್ಖಾನೆಗೆ ನಮ್ಮೂರಲ್ಲಿ ಜಿನ್ನು ಎನ್ನುತ್ತಾರೆ. ಸುಗ್ಗಿ ಬಂತೆಂದರೆ ಇವರು ಕೋಸಗಿ ಕಡೆ, ನಂದವರಂ ಕಡೆ ಹಳ್ಳಿ ಹಳ್ಳಿ ತಿರುಗಿ, ರೈತರ ಮನೆಯ ಹತ್ತಿಯನ್ನು ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಎಳೆದು, ಎಳೆ ಉದ್ದವೋ ಗಿಡ್ಡವೋ, ಗಟ್ಟಿಯೋ ಪೊಳ್ಳೋ ಎಂದು ಸಾಹುಕಾರರಿಗೆ ಬಂದು ಹೇಳಬೇಕು. ಇವರು ಹೇಳಿದ್ದನ್ನು ನಂಬಿ ಸಾಹುಕಾರರು ಗಾಡಿ ಕಳಿಸುತ್ತಿದ್ದರು. ಸಾಹುಕಾರರು ಮುದುಕರು, ದೈವಭಕ್ತರು, ತಮ್ಮ ಜಿನ್ನಿನ ಯಂತ್ರಕ್ಕೆ ಸೋಮವಾರಕ್ಕೊಮ್ಮೆ ಕಾಯಿ ಒಡೆಯುವವರು. ಯಾರು ಸಿಕ್ಕರೂ ಅವರದು ಒಂದೇ ಮಾತು: "ನಮ್ಮ ಮಿಷನ್ನಿನ ಅರಳ್ಯಾಗ ಒಂದು ಕಾಳು ಹುಡುಕಿ ತೋರಸ್ರಿ ನೋಡೂಣು." ಹತ್ತಿಯ ಬೀಜಕ್ಕೆ ನಾವು ಹತ್ತಿಕಾಳು ಎನ್ನುತ್ತೇವೆ. ಅದು ಅವರ ಅರಳೆಯಲ್ಲಿ ಸಿಕ್ಕಿತೆಂದು ಯಾರಾದರೂ ಹೇಳಿದ್ದರೆ ಅಂದೇ ಅವರು ಕಾಶಿಗೆ ಹೋಗಿಬಿಡುತ್ತಿದ್ದರು.

ಹೀಗಿರುವಾಗ ಯುದ್ಧ ಬಂತು. ಯುದ್ಧ ಎಲ್ಲೋ ನಡೆಯಿತು, ಆದರೆ ಆದೋನಿಯಲ್ಲಿ ಸೈಕಲ್ಲಿನ ಟ್ಯೂಬು ಸಿಗದಂತಾಯಿತು. ಬಳ್ಳಾರಿಗೆ ಹೋಗುವವರಿಗೆಲ್ಲ ಇವರು ಹೇಳಿ ಕಳಿಸಿದರು. ಅವರು ಬಳ್ಳಾರಿಯ ಸುದ್ದಿ ತಂದರೇ ಹೊರತು ಟ್ಯೂಬು ತರಲಿಲ್ಲ. ಇದ್ದ ಟ್ಯೂಬಿಗೆ ತೇಪೆ ಹಚ್ಚಿ ಹಚ್ಚಿ, ಕೊನೆಗೆ ತೇಪೆಗೇ ತೇಪೆ ಹಚ್ಚುವ ಕಾಲ ಬಂತು. ಒಂದು ದಿನ ಅದು ನಡುಬೀದಿಯಲ್ಲಿ ಪ್ರಾಣ ಬಿಟ್ಟಿತು. ಇವರು ಅದನ್ನೂ ಮಡಚಿ ಪೆಟ್ಟಿಗೆಯಲ್ಲಿಟ್ಟರು. ಯಾಕೆ ಎಂದು ನಾನು ಕೇಳಲಿಲ್ಲ.

ಟ್ಯೂಬಿಲ್ಲದ ಮೇಲೆ ಗಾಳಿಯ ಬದಲು ಟಯರಿನೊಳಗೆ ಬೇರೆ ಏನಾದರೂ ತುಂಬಬೇಕಲ್ಲ. ಮೊದಲು ಹಗ್ಗ ಸುತ್ತಿದರು. ನಾಲ್ಕು ಮೈಲಿ ಹೋಗಿ ಬರುವುದರಲ್ಲಿ ಸೊಂಟ ಹಿಡಿದುಕೊಂಡು, ಮೂರು ದಿನ ನನ್ನ ಕೈಯಲ್ಲಿ ಎಳ್ಳೆಣ್ಣೆ ತಿಕ್ಕಿಸಿಕೊಂಡರು. ಆಮೇಲೆ ಹುಲ್ಲು ತುಂಬಿದರು. ಹುಲ್ಲಿನ ಮೇಲೆ ಸವಾರಿ ಮೆತ್ತಗೆ ಹೋಯಿತಂತೆ. ನಂದವರಂನಲ್ಲಿ ಸೈಕಲ್ಲನ್ನು ಒಬ್ಬ ರೈತನ ಅಂಗಳದಲ್ಲಿ ನಿಲ್ಲಿಸಿ, ಒಳಗೆ ಹತ್ತಿ ನೋಡಿ ಬರುವಷ್ಟರಲ್ಲಿ ಆ ಮನೆಯ ಎತ್ತು ಟಯರಿನ ಬಿರುಕಿನಿಂದ ಹೊರಗೆ ಇಣುಕುತ್ತಿದ್ದ ಹುಲ್ಲನ್ನು ಹಿಡಿದು ಜಗ್ಗಿ, ಹಿಂದಿನ ಗಾಲಿಯನ್ನು ಪೂರ್ತಿ ತಿಂದು ಮುಂದಿನದಕ್ಕೆ ಬಾಯಿ ಹಾಕಿತ್ತು. ರೈತ ಕೈಮುಗಿದು, "ತಪ್ಪಾತ್ರಿ, ಇದಕ್ಕ ಸೈಕಲ್ ಅಂದ್ರ ಏನಂತ ಗೊತ್ತಿಲ್ರಿ" ಎಂದನಂತೆ. ಇವರು ಇಪ್ಪತ್ತು ಚಿಲ್ಲರೆ ಮೈಲಿ ಸೈಕಲ್ಲನ್ನು ತಳ್ಳಿಕೊಂಡು ಮರುದಿನ ಮಧ್ಯಾಹ್ನ ಮನೆಗೆ ಬಂದರು. ಅಷ್ಟರಲ್ಲಿ ಬೇರೆ ಜಿನ್ನಿನವರು ಮೋಟಾರಿನಲ್ಲಿ ಹೋಗಿ ಆ ಹತ್ತಿಯನ್ನು ಹೊಡೆದುಕೊಂಡು ಹೋಗಿದ್ದರು.

ಸಾಹುಕಾರರು ಕರೆಸಿದರು. ಅವರು ಏನು ಹೇಳಿದರೆಂದು ಇವರೇ ನನಗೆ ಬಂದು ಹೇಳಿದರು, ಸಾಹುಕಾರರ ಕೆಮ್ಮಿನ ಸಮೇತ: "ಹತ್ತಿ ನೋಡಾಕ ನಿನ್ನ ಕಳಿಸಿದ್ರ ನೀ ಬರೂದ್ರಾಗ ಗಿಡ ಒಣಗಿ ಕಟಿಗಿ ಆಗತಾವು. ಎಂಟು ದಿನದಾಗ ನಿನ್ನ ಸೈಕಲ್ ಓಡಬೇಕು, ಇಲ್ಲಂದ್ರ ನಾ ಬ್ಯಾರೆಯವರನ್ನ ನೋಡ್ಕೋತೀನಿ." ಹೇಳಿದವರು ಕಟ್ಟೆಯ ಮೇಲೆ ಕೂತುಬಿಟ್ಟರು. ಪುಂಡಿಪಲ್ಯ ಮಾಡಿದ್ದೆ, ಅವರಿಗೆ ಪ್ರಾಣ ಅದು. ಮುಟ್ಟಲಿಲ್ಲ. ಸೈಕಲ್ಲನ್ನು ನೋಡುವುದು, ನಿಟ್ಟುಸಿರು ಬಿಡುವುದು. ನನಗೆ ಸಿಟ್ಟು ಬಂತು. ನಿಜ ಹೇಳುತ್ತೇನೆ, ಹೊಟ್ಟೆಕಿಚ್ಚೂ ಬಂತು. ನಾನು ಆ ವರ್ಷ ಚಳಿಜ್ವರದಲ್ಲಿ ಎಂಟು ದಿನ ಮಲಗಿದಾಗಲೂ ಇವರು ಊಟ ಬಿಟ್ಟಿರಲಿಲ್ಲ.

ಮರುದಿನ ಅವರು ಹತ್ತಿರದ ಹಳ್ಳಿಯೊಂದಕ್ಕೆ ನಡೆದುಕೊಂಡೇ ಹೋದರು. ಅವರ ಬೆನ್ನು ಓಣಿಯ ತಿರುವಿನಲ್ಲಿ ಮರೆಯಾಗುವುದನ್ನು ನೋಡುತ್ತಾ ನಿಂತಿದ್ದ ನನಗೆ ಏನನ್ನಿಸಿತೋ, ಒಳಗೆ ಹೋಗಿ ನನ್ನ ಗಾದಿಯನ್ನು ಎಳೆದೆ.

ಈ ಗಾದಿಯ ಬಗ್ಗೆ ಹೇಳಬೇಕು. ಅದು ನನ್ನ ತವರಿನದು, ನಮ್ಮವ್ವ ಮದುವೆಗೆ ಕೊಟ್ಟದ್ದು. ಸುತ್ತ ಎಲ್ಲರೂ ಹತ್ತಿಯನ್ನು ಜಿನ್ನಿಗೆ ಹಾಕಿಸುತ್ತಿದ್ದ ಕಾಲದಲ್ಲೂ ನಮ್ಮವ್ವ ಹತ್ತಿಯನ್ನು ಒಂದು ಚಪ್ಪಡಿಕಲ್ಲಿನ ಮೇಲಿಟ್ಟು, ಕಬ್ಬಿಣದ ಸಣ್ಣ ಕೋಲನ್ನು ಅದರ ಮೇಲೆ ಉರುಳಿಸಿ, ಬೀಜವನ್ನು ಒಂದೊಂದಾಗಿ ಹೊರಗೆ ಹಾರಿಸುತ್ತಿದ್ದಳು. ಅವಳ ಅಜ್ಜಿ ಹಾಗೆ ಮಾಡುತ್ತಿದ್ದಳಂತೆ. "ಮಿಷನ್ನಿಗೆ ಹಾಕಿದ್ರ ಹತ್ತಿ ಸಾಯತೈತಿ" ಎನ್ನುವುದು ಅವಳ ಸಿದ್ಧಾಂತ. ಹಳೆಯದರ ಹುಚ್ಚು ನನ್ನ ಗಂಡನ ಮನೆಯಲ್ಲಿ ಮಾತ್ರ ಇತ್ತೆಂದು ಹೇಳಿದರೆ ನನ್ನ ನಾಲಿಗೆ ಸೀಳಿ ಹೋದೀತು. ಆದರೆ ಕೋಲು ಉರುಳಿಸುವಾಗ ಅವ್ವ ಸುಮ್ಮನೆ ಕೂರುವವಳಲ್ಲ. ಓಣಿಯ ಹೆಂಗಸರನ್ನೆಲ್ಲ ಸೇರಿಸಿ ಮಾತಾಡುತ್ತಾ ಮಾಡಿದ ಕೆಲಸ. ಹಾಗಾಗಿ ನನ್ನ ಗಾದಿಯಲ್ಲಿ ಅಲ್ಲೊಂದು ಇಲ್ಲೊಂದು ಹತ್ತಿಕಾಳು ಉಳಿದುಹೋಗಿ ಬೆನ್ನಿಗೆ ಚುಚ್ಚುತ್ತಿತ್ತು. ಚುಚ್ಚಿದಾಗಲೆಲ್ಲ ನನಗೆ ಅವ್ವನ ನೆನಪಾಗುತ್ತಿತ್ತು, ಹಾಗಾಗಿ ಅವನ್ನು ಹುಡುಕಿ ತೆಗೆಯಲು ನನಗೆ ಮನಸ್ಸಿರಲಿಲ್ಲ.

ಆ ಗಾದಿಯ ನಡುವಿನ ಹೊಲಿಗೆ ಬಿಚ್ಚಿ, ಎರಡು ಮೊರ ಅರಳೆ ತೆಗೆದೆ. ಟಯರನ್ನು ಗಾಲಿಯ ಬಳೆಯಿಂದ ಎಬ್ಬಿಸುವುದು ಇವರು ಮಾಡುವುದನ್ನು ನೋಡಿ ನೋಡಿ ನನಗೆ ಬಂದಿತ್ತು. ಸೌಟಿನ ಹಿಡಿಯಿಂದ ಅರಳೆಯನ್ನು ಒಳಗೆ ತುರುಕಿ ತುರುಕಿ, ಕಲ್ಲಿನ ಹಾಗೆ ಗಟ್ಟಿಯಾಗುವತನಕ ಜಡಿದೆ. ಗಾದಿಯ ನಡುವೆ ಬಿದ್ದ ಹಳ್ಳಕ್ಕೆ ಹಳೇ ಸೀರೆ ಮಡಚಿ ಹಾಕಿ ಮತ್ತೆ ಹೊಲಿದೆ. ಸವತಿಗೆ ತನ್ನ ಹಾಸಿಗೆಯನ್ನೇ ಕಿತ್ತು ಕೊಟ್ಟ ಹೆಂಗಸು ಆದೋನಿಯಲ್ಲಿ ನಾನೊಬ್ಬಳೇ ಇರಬೇಕು.

ಇವರು ಬಂದರು, ನೋಡಿದರು, ಸೈಕಲ್ಲು ಹತ್ತಿ ಓಣಿಯ ತುದಿಯವರೆಗೆ ಹೋಗಿ ಬಂದರು. ಮುಖ ಅರಳಿಬಿಟ್ಟಿತ್ತು.

"ಬೆಣ್ಣ್ಯಾಂಗ ಓಡತೈತಲ್ಲ! ಏನ್ ತುಂಬೀದಿ?"

"ಅರಳಿ."

"ಅರಳಿ? ಎಲ್ಲಿಂದ ತಂದಿ?"

"ಓಡತೈತಿಲ್ರಿ? ಓಡಿದ್ರ ಸಾಕು. ಉಳಿದಿದ್ದು ಕಟಗೊಂಡು ಏನ್ ಮಾಡ್ತೀರಿ?"

ಹೇಳಬಹುದಿತ್ತು. ಹೇಳಲಿಲ್ಲ. ಆ ಸೈಕಲ್ಲಿಗೆ ನಾನು ಇಷ್ಟು ಮಾಡಿದೆ ಎಂದು ಇವರಿಗೆ ಗೊತ್ತಾದರೆ ನನ್ನ ಬಿಂಕ ಎಲ್ಲಿ ಉಳಿದೀತು? ಅವರೂ ಯಾಕೋ ಒಂದು ಕ್ಷಣ ನನ್ನ ಮುಖವನ್ನೇ ನೋಡಿ, ಆಮೇಲೆ ಪಕ್ಕದ ಮನೆಯ ಕಡೆ ನೋಡಿ, ಸೈಕಲ್ಲನ್ನು ಒಳಗೆ ತಂದು ನಿಲ್ಲಿಸಿದರು. ಆ ನೋಟದ ಅರ್ಥ ನನಗಾಗ ಆಗಲಿಲ್ಲ. ಪಕ್ಕದ ಮನೆಯಾಕೆ ಜಿನ್ನಿಗೆ ಕೂಲಿಗೆ ಹೋಗುತ್ತಿದ್ದಳು, ಅಷ್ಟೇ ನನಗೆ ಗೊತ್ತಿದ್ದದ್ದು.

ಸುಗ್ಗಿ ಮುಗಿಯುತ್ತ ಬರುವತನಕ ಸೈಕಲ್ಲು ಓಡಿತು. ಸಾಹುಕಾರರಿಗೂ ಸಮಾಧಾನವಾಯಿತು. ಆಗ ಜಿನ್ನಿನ ಗೇಟಿಗೆ ಒಬ್ಬ ಹೊಸ ಕಾವಲುಗಾರ ಬಂದ. ಕರ್ನೂಲಿನ ಕಡೆಯವನು, ಹಿಂದೆ ಪೊಲೀಸಿನಲ್ಲಿದ್ದವನಂತೆ. ಮೀಸೆ ಅವನಿಗಿಂತ ಎರಡು ಹೆಜ್ಜೆ ಮುಂದೆ ಬರುತ್ತಿತ್ತು. ಜಿನ್ನಿನಿಂದ ಅರಳೆ ಹೊರಗೆ ಹೋಗುತ್ತಿದೆ, ಕೂಲಿಯ ಹೆಂಗಸರು ಮಡಿಲಲ್ಲಿಟ್ಟು ಒಯ್ಯುತ್ತಾರೆ ಎಂದು ಗುಸುಗುಸು ಇತ್ತು. ಅದನ್ನು ಹಿಡಿಯಲೆಂದೇ ಅವನನ್ನು ಇಟ್ಟಿದ್ದರು. ಹಿಡಿಯಲು ಬಂದವನಿಗೆ ಹದಿನೈದು ದಿನವಾದರೂ ಏನೂ ಸಿಕ್ಕಿರಲಿಲ್ಲ.

ಒಂದು ಸಂಜೆ ನಮ್ಮ ಮನೆಯವರು ಬಿಲ್ಲೆಗಳ ಸದ್ದು ಮಾಡಿಕೊಂಡು ಗೇಟು ದಾಟುತ್ತಿದ್ದಾಗ ಹಿಂದಿನ ಟಯರಿನ ಬಿರುಕಿನಿಂದ ಬೆಳ್ಳಗೆ ಏನೋ ಇಣುಕುವುದನ್ನು ಅವನು ಕಂಡ. "ಆಗವಯ್ಯಾ, ಇದೇಮಿಟಿ?" ಎಂದು ತೆಲುಗಿನಲ್ಲಿ ಗದರಿ ತಡೆದು, ಎರಡು ಬೆರಳಿನಲ್ಲಿ ಹಿಡಿದು ಎಳೆದ. ಅರಳೆ ಬಂತು. ಮತ್ತೆ ಎಳೆದ, ಮತ್ತೆ ಬಂತು. ಕೂಲಿಯವರೆಲ್ಲ ಮನೆಗೆ ಹೋಗುವ ಹೊತ್ತು, ಸುತ್ತ ಸೇರಿದರು. ನಾನು ಜಡಿದು ತುಂಬಿದ್ದೆನಲ್ಲ, ಎಳೆದಷ್ಟೂ ಬಂತು. ಅರ್ಧ ಮೊರದಷ್ಟು ರಾಶಿ ಹಾಕಿದ ಮೇಲೆ ಅವನು ಸಾಮ್ರಾಜ್ಯ ಗೆದ್ದವನಂತೆ ಮೀಸೆ ತಿರುವಿದ. ಗುಮಾಸ್ತನೇ ಕಳ್ಳ! ಮಡಿಲಲ್ಲಲ್ಲ, ಗಾಲಿಯಲ್ಲಿ ಒಯ್ಯುತ್ತಾನೆ!

ಸಾಹುಕಾರರು ಆಗ ಊರಲ್ಲಿರಲಿಲ್ಲ, ಮುಂಬಯಿಗೆ ಹೋಗಿದ್ದರು. ಅವರು ಬರುವತನಕ ಕೆಲಸಕ್ಕೆ ಬರಬೇಡ ಎಂದು ಜಿನ್ನಿನ ಕಚೇರಿಯವರು ಇವರಿಗೆ ಹೇಳಿದರು. ಕಾವಲುಗಾರ ಹಿಂದಿನ ಗಾಲಿಯನ್ನು ಬಿಚ್ಚಿಸಿ, ಸಾಕ್ಷಿಯೆಂದು ಗೇಟಿನ ಕಂಬಕ್ಕೆ ಎತ್ತರಕ್ಕೆ ನೇತುಹಾಕಿದ, ಹೋಗಿ ಬರುವವರೆಲ್ಲ ನೋಡಲಿ ಎಂದು.

ಇದೊಂದೂ ನನಗೆ ಗೊತ್ತಿಲ್ಲ. ಇವರು ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಬಂದರು. ಗಾಲಿ ಎಲ್ಲಿ ಎಂದೆ. ರಿಪೇರಿಗೆ ಕೊಟ್ಟೀನಿ ಎಂದರು. ಮರುದಿನ, ಕೆಲಸಕ್ಕೆ ಯಾಕೆ ಹೋಗಲಿಲ್ಲ ಎಂದೆ. ಸಾಹುಕಾರರು ಊರಾಗಿಲ್ಲ, ರಜಾ ಎಂದರು. ಆರು ದಿನ ಕಳೆಯಿತು. ಅದರಲ್ಲಿ ಎರಡು ಸಂಜೆ ಕೃತ್ತಿಕಾ ಮಳೆ ಹೊಯ್ಯಿತು. ಇವರು ಒಂಟಿ ಗಾಲಿಯ ಸೈಕಲ್ಲನ್ನು ಒರೆಸುವುದು, ನಾನು ಬಡಿಸಿದ್ದನ್ನು ತಲೆ ತಗ್ಗಿಸಿ ಉಣ್ಣುವುದು. ಅಷ್ಟು ಮೆತ್ತಗೆ ಅವರು ಎಂದೂ ಇದ್ದವರಲ್ಲ. ಉಪ್ಪು ಹೆಚ್ಚಾಗಿದ್ದರೂ ಬೈಯಲಿಲ್ಲ. ನನಗೆ ಒಳಗೊಳಗೆ ಖುಷಿಯೇ ಆಗಿತ್ತು, ಕಡೆಗೂ ಗಂಡನಿಗೆ ಬುದ್ಧಿ ಬಂತೆಂದು.

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಏಳನೆಯ ದಿನ ಬೆಳಿಗ್ಗೆ ಬಾವಿಯ ಹತ್ತಿರ ಸುದ್ದಿ ಸಿಕ್ಕಿತು. ಪಕ್ಕದ ಮನೆಯಾಕೆಯೇ ಹೇಳಿದಳು.

"ಯಕ್ಕಾ, ನಿಮ್ಮವರು ಹಂಗ ಮಾಡ್ಯಾರಂದ್ರ ನಾ ನಂಬಾಕಿಲ್ಲ ಬಿಡು. ಆದ್ರ ಗಾಲಿ ಗೇಟಿಗೆ ಜೋತಾಡಾಕತ್ತೈತಿ. ಇಡೀ ಊರು ನೋಡಾಕತ್ತೈತಿ."

ತುಂಬಿದ ಕೊಡವನ್ನು ಅಲ್ಲೇ ಬಿಟ್ಟು ಮನೆಗೆ ಓಡಿದೆ. ಇವರು ಚೈನಿಗೆ ಎಣ್ಣೆ ಬಿಡುತ್ತಿದ್ದರು.

"ಕಳ್ಳ ಅನಿಸ್ಕೊಂಡು ಮನ್ಯಾಗ ಕುಂತೀರೇನ್ರಿ? ಬಾಯಿಲ್ಲೇನು ನಿಮಗ? ಅರಳಿ ಎಲ್ಲಿಂದ ಬಂತಂತ ಹೇಳಾಕ ಆಗಲಿಲ್ಲೇನು?"

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಏ, ಮೆಲ್ಲಕ ಮಾತಾಡು. ನಾನಾ ತುಂಬೀನಿ ಅಂತ ಹೇಳೀನಿ. ನಿನ್ನ ಹೆಸರು ಎಲ್ಲೂ ತೆಗದಿಲ್ಲ. ಬಾಜೂ ಮನಿಯಾಕಿ ಹೆಸರೂ ತೆಗದಿಲ್ಲ. ನೀ ಗಾಬರಿ ಆಗಬ್ಯಾಡ."

ನಾನು ಯಾಕೆ ಗಾಬರಿಯಾಗಬೇಕು? ಪಕ್ಕದ ಮನೆಯಾಕೆಯ ಹೆಸರು ಇಲ್ಲಿ ಯಾಕೆ ಬಂತು? ನಿಂತಲ್ಲೇ ನಿಂತು ಯೋಚಿಸಿದೆ. ಆಮೇಲೆ ನಿಧಾನವಾಗಿ ತಿಳಿಯಿತು. ಆಕೆ ಜಿನ್ನಿನಿಂದ ಮಡಿಲಲ್ಲಿ ಕದ್ದು ತಂದಳು, ನಾನು ಅವಳಿಂದ ಇಸಕೊಂಡು ಟಯರಿಗೆ ತುಂಬಿದೆ, ಇದು ನನ್ನ ಗಂಡನ ತೀರ್ಮಾನ. ಇಷ್ಟು ತಿಂಗಳಿಂದ ಇವರು ನನ್ನನ್ನು ಕಳ್ಳಿ ಎಂದುಕೊಂಡೇ ಆ ಸೈಕಲ್ಲಿನ ಮೇಲೆ ಕೂತು ತಿರುಗಿದ್ದರು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಳಗೆ ಹೋದೆ, ಗಾದಿಯನ್ನು ಸುತ್ತಿ ಹಗ್ಗ ಕಟ್ಟಿದೆ, ತಲೆಯ ಮೇಲೆ ಹೊತ್ತೆ, ಹೊರಟೆ.

"ಏ ಇಕಿ, ಎಲ್ಲಿಗೆ? ಗಾದಿ ಯಾಕ? ತವರಿಗೆ ಹೊಂಟೀಯೇನು?" ಎನ್ನುತ್ತಾ ಇವರು ಹಿಂದೆ ಬಂದರು, ಒಂದು ಕಾಲಿಗೆ ಚಪ್ಪಲಿ, ಕೈಯಲ್ಲಿ ಎಣ್ಣೆಯ ಡಬ್ಬಿ. ನಾನು ಹಿಂದಿರುಗಿ ನೋಡಲಿಲ್ಲ. ಗುಮಾಸ್ತರ ಮನೆಯ ಹೆಣ್ಣುಮಗಳು ಗಾದಿ ಹೊತ್ತು ಬಜಾರಿನಲ್ಲಿ ಹೋಗುವುದು, ಹಿಂದೆ ಗುಮಾಸ್ತರು ಓಡುವುದು. ಒಂದು ಅಂಗಡಿಯವರು, "ಮನಿ ಖಾಲಿ ಮಾಡಾಕತ್ತೀರೇನ್ರಿ? ಬಾಡಿಗಿಗೆ ಐತೇನು?" ಎಂದು ಕೇಳಿಯೇ ಕೇಳಿದರು.

ಸಾಹುಕಾರರು ಅಂದು ಬೆಳಿಗ್ಗೆಯ ರೈಲಿಗೆ ಬಂದಿದ್ದರು. ಜಿನ್ನಿನ ಅಂಗಳದಲ್ಲಿ ಮಂಚದ ಮೇಲೆ ಕೂತು ಕಾವಲುಗಾರನ ವರದಿ ಕೇಳುತ್ತಿದ್ದರು. ನಾನು ಅವರ ಮುಂದೆ ಗಾದಿಯನ್ನು ಧೊಪ್ಪೆಂದು ಹಾಕಿ, ಸೆರಗು ಎಳೆದುಕೊಂಡು ಹೇಳಿದೆ:

"ಸಾಹುಕಾರ್ರಾ, ನಮ್ಮ ಮನಿಯವರು ಕಳ್ಳರಲ್ಲ. ಗಾಲಿಗೆ ತುಂಬಿದಾಕಿ ನಾನು. ಆ ಅರಳಿ ನನ್ನ ತವರಮನಿ ಗಾದೀದು. ನೋಡ್ರಿ ಬೇಕಾರ." ಎಂದವಳೇ ಹೊಲಿಗೆಯನ್ನು ಹರಿದು, ಹಳೇ ಸೀರೆ ತೆಗೆದು, ಹಳ್ಳ ತೋರಿಸಿದೆ.

ನನ್ನ ಹಿಂದೆ ಏದುಸಿರು ಬಿಡುತ್ತಿದ್ದ ನಮ್ಮ ಮನೆಯವರ ಉಸಿರು ನಿಂತೇಹೋಯಿತು. ಆದರೆ ಕಾವಲುಗಾರ ಪೊಲೀಸಿನಲ್ಲಿದ್ದವನು. ಬಗ್ಗಿ ಗಾದಿಯೊಳಗೆ ಕೈಹಾಕಿ, ಒಂದು ಹಿಡಿ ಅರಳೆ ಎತ್ತಿ, ಎರಡನೆಯ ಸಲ ಸಾಮ್ರಾಜ್ಯ ಗೆದ್ದ.

"ಸಾಹುಕಾರ್ರಾ, ಗಾಲ್ಯಾಗಿಂದು ಅಷ್ಟ ಅಲ್ರಿ, ಗಾದಿ ತುಂಬಾ ಒಯ್ದಾರ ನೋಡ್ರಿ! ತಾವಾ ಹೊತ್ತು ತಂದು ಕೊಟ್ಟಾರ!"

ಮಾಡಿದ್ದುಣ್ಣೋ ಮಹರಾಯ. ಗಂಡನನ್ನು ಬಿಡಿಸಲು ಬಂದವಳು ಅವನ ತಲೆಗೆ ಒಂದು ಗಾದಿಯ ಕಳವನ್ನೂ ಕಟ್ಟಿದ್ದೆ. ಇವರ ಕೆಲಸ ಹೋಯಿತು, ಮಾನ ಹೋಯಿತು, ಇನ್ನು ಆದೋನಿಯಲ್ಲಿ ಯಾರೂ ಇವರ ಕೈಗೆ ಹತ್ತಿ ಕೊಟ್ಟು ನೋಡು ಎನ್ನುವುದಿಲ್ಲ ಎಂದು ಕಣ್ಣಲ್ಲಿ ನೀರು ಬಂತು. ಸಾಹುಕಾರರು ಎದ್ದು, "ಆ ಗಾಲಿ ತಗೊಂಬಾ, ಎರಡೂ ಕೂಡಿಸಿ ನೋಡೂಣು" ಎಂದರು.

ಕಾವಲುಗಾರ ಏಣಿ ಹಾಕಿ ಕಂಬದಿಂದ ಗಾಲಿ ಇಳಿಸಿ ತಂದ. ಸಾಹುಕಾರರು ಕನ್ನಡಕ ಏರಿಸಿ ಬಗ್ಗಿದರು. ಬಗ್ಗಿದವರು ಹಾಗೇ ಇದ್ದರು. ನಾವೂ ಬಗ್ಗಿದೆವು. ಟಯರಿನ ಬಿರುಕಿನಿಂದ ಎರಡೆಲೆಯ ಹತ್ತಿ ಸಸಿಯೊಂದು ತಲೆ ಹಾಕಿತ್ತು. ಅದರ ಪಕ್ಕ ಇನ್ನೊಂದು. ಕೆಳಗಿನ ಬಿರುಕಿನಲ್ಲಿ ಮತ್ತೆರಡು, ಆಗಷ್ಟೇ ಬಾಗಿದ ಕುತ್ತಿಗೆ ನೆಟ್ಟಗೆ ಮಾಡುತ್ತಿದ್ದವು. ಎರಡು ಸಂಜೆಯ ಮಳೆ, ಆರು ದಿನದ ಬಿಸಿಲು. ನಮ್ಮವ್ವ ಮಾತಿನ ಭರದಲ್ಲಿ ಬಿಟ್ಟಿದ್ದ ಕಾಳುಗಳು ಒಂದೂ ಸುಳ್ಳಾಗಿರಲಿಲ್ಲ.

ಸಾಹುಕಾರರ ಮುಖ ಕೆಂಪಾಯಿತು. ನನ್ನ ಕಡೆ ತಿರುಗಲಿಲ್ಲ, ಕಾವಲುಗಾರನ ಕಡೆ ತಿರುಗಿದರು.

"ಇದು ನನ್ನ ಜಿನ್ನಿನ ಅರಳೀನಾ?"

"ಹೌದ್ರಿ... ಅಂದ್ರ..."

"ನನ್ನ ಜಿನ್ನಿನ ಅರಳಿ ಮೊಳಕಿ ಒಡೀತೈತೇನಲೇ? ಇದನ್ನ ನನ್ನ ಗೇಟಿಗೆ ಕಟ್ಟಿ, ಇದು ನಮ್ಮ ಜಿನ್ನಿಂದಂತ ವಾರ ತನಕ ಡಂಗುರ ಹೊಡದೀಯಾ? ಮುಂಬಯಿ ಮಂದಿ ಬಂದು ಹೋಗೋ ದಾರಿ ಇದು! ಯಾರ್ಯಾರು ನೋಡ್ಯಾರೋ!"

"ಬೀಜದ ಹತ್ತೀನಾ ಕದ್ದಿರಬಹುದಲ್ರಿ" ಎಂದ ಕಾವಲುಗಾರ. ಮೀಸೆ ಇಳಿದಿತ್ತು.

ಸಾಹುಕಾರರು ಗಾದಿಯ ಅರಳೆಯನ್ನೂ ಗಾಲಿಯ ಅರಳೆಯನ್ನೂ ಒಂದೊಂದು ಹಿಡಿ ತೆಗೆದುಕೊಂಡು ಅದುಮಿ ನೋಡಿದರು. "ಬೀಜದ ಹತ್ತಿ ಆಗಿದ್ರ ಹಿಡಿ ತುಂಬಾ ಕಾಳು ಇರ್ತಿದ್ವು. ಇದರಾಗ ನೋಡು, ಒಂದು ಹಿಡಿಗೆ ಒಂದು. ಇದು ಕಲ್ಲಿನ ಮ್ಯಾಲೆ ಕೈಲೆ ಬಿಡಿಸಿದ್ದು. ಎಷ್ಟ್ ವರ್ಷಾತು ನಾ ಇಂಥಾದ್ದು ನೋಡಿ!" ಎಂದು ನನ್ನ ಕಡೆ ನೋಡಿದರು. "ಯಾರು ಬಿಡಿಸಿದ್ದು ತಂಗಿ?"

"ನಮ್ಮವ್ವ ರೀ."

"ಅವ್ವಗ ಕಣ್ಣು ಕಾಣಂಗಿಲ್ಲೇನು?"

"ಕಣ್ಣು ಚಲೋ ಅದಾವ್ರಿ. ಮಾತು ಸ್ವಲ್ಪ ಜಾಸ್ತಿ."

ಸಾಹುಕಾರರು ನಕ್ಕರು. ಕೂಲಿಯವರೂ ನಕ್ಕರು. ನಾಳೆಯಿಂದ ಕೆಲಸಕ್ಕೆ ಬಾ ಎಂದು ಇವರಿಗೆ ಹೇಳಿ, ಎಲ್ಲರ ಮುಂದೆ ಇವರ ಹೆಗಲ ಮೇಲೆ ಕೈಯಿಟ್ಟರು. ಆ ಕೈ ಇಟ್ಟದ್ದನ್ನು ನಾನು ಇವತ್ತಿಗೂ ಮರೆತಿಲ್ಲ, ಅದರಿಂದಲೇ ಇವರ ಮಾನ ಮರಳಿ ಬಂತು. ಆಮೇಲೆ ಸಾಹುಕಾರರು, "ಜಿನ್ನಿನ ಷೆಡ್ಡಿನಾಗ ನಂದೊಂದು ಸೈಕಲ್ ಐತಿ, ಟ್ಯೂಬ್ ಸಮೇತ. ಒಯ್ಯಿ. ಇದನ್ನ ಗುಜರಿಗೆ ಹಾಕು" ಎಂದರು. ನಾನು ದೇವರನ್ನು ನೆನೆದೆ. ಇವರು ಕೈಮುಗಿದು, "ಬ್ಯಾಡ್ರಿ, ನನ್ನ ಗಾಲಿ ಒಂದು ಕೊಟ್ರ ಸಾಕ್ರಿ" ಎಂದರು.

ಬರುವಾಗ ಅವರ ಕೈಯಲ್ಲಿ ಗಾಲಿ, ನನ್ನ ತಲೆಯ ಮೇಲೆ ಗಾದಿ. ಮನೆಗೆ ಬಂದು ಅವರು ಸಸಿಗಳನ್ನು ಬೇರು ಹರಿಯದಂತೆ ಬಿಡಿಸಿ ಹಿತ್ತಲಲ್ಲಿ ಊರಿ, ಗಾಲಿ ಜೋಡಿಸಲು ಕೂತರು. ನಾನು ಕಂಬಕ್ಕೆ ಒರಗಿ ನಿಂತೆ. ಕೇಳದಿದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತಿತ್ತು.

"ನಾ ಕದ್ದೀನಂತ ಖರೇನಾ ನಂಬಿದ್ರೇನ್ರಿ?"

"ನಂಬಿದ್ದೆ."

"ಒಂದು ಮಾತು ಕೇಳಬೇಕಂತ ಅನಸಲಿಲ್ಲ?"

"ಕೇಳಿದ್ರ ನೀ ಹೌದು ಅಂದುಬಿಟ್ರ?"

"ಕಳ್ಳಿ ಅಂತ ತಿಳದೂ ನನ್ನ ಕೈಲೆ ಉಂಡ್ರಿ. ನನ್ನ ಸಲುವಾಗಿ ಜೈಲಿಗೂ ಹೋಗ್ತಿದ್ರಿ. ನನ್ನ ತವರಿಗೆ ಅಟ್ಟಬೇಕಂತ ಅನಸಲಿಲ್ಲೇನು ನಿಮಗ?"

ಅವರು ತಲೆ ಎತ್ತಲಿಲ್ಲ. ನಟ್ಟು ಬಿಗಿ ಮಾಡುತ್ತಾ, ಇದೂ ಒಂದು ಕೇಳುವ ಮಾತೇ ಎನ್ನುವ ಹಾಗೆ ಹೇಳಿದರು:

"ಐಬು ಐತಂತ ನಾ ಯಾವುದನ್ನ ಬಿಟ್ಟೀನಿ, ಇಲ್ಲೀತನಕ?"

ನನಗಾಗ ಇಪ್ಪತ್ತೂ ತುಂಬಿರಲಿಲ್ಲ. ನನ್ನನ್ನು ಆ ತೇಪೆಯ ಕೊಡೆಯ ಜೊತೆ, ಅಟ್ಟೆ ಬದಲಿಸಿದ ಚಪ್ಪಲಿಯ ಜೊತೆ, ಈ ಹಾಳು ಸೈಕಲ್ಲಿನ ಜೊತೆ ಸೇರಿಸಿ ಲೆಕ್ಕ ಹಾಕಿದ್ದರು. ಇದಕ್ಕೆ ಜಗಳ ತೆಗೆಯಬೇಕು ಎಂದುಕೊಂಡೇ ಬಾಯಿ ತೆರೆದೆ, ಅಳು ಬಂದುಬಿಟ್ಟಿತು. ಅವರು ಗಾಬರಿಯಾಗಿ ಅತ್ತಿತ್ತ ನೋಡಿ, ಕೈಗೆ ಸಿಕ್ಕ ಸೈಕಲ್ ಒರೆಸುವ ಬಟ್ಟೆಯನ್ನೇ ನನ್ನ ಕಡೆ ಚಾಚಿದರು. ಎಣ್ಣೆ ಮೆತ್ತಿ ಕರ್ರಗಾಗಿತ್ತು ಅದು. ನಾನು ಅದರಲ್ಲೇ ಮುಖ ಒರೆಸಿಕೊಂಡೆ.